ಕೇಂದ್ರ ಮೂರು ಸಲ ರದ್ದು ಮಾಡಿದ ಕಾಯ್ದೆ ಮತ್ತು ಹಟ ಬಿಡದ ಒಬ್ಬ ಮಾಜಿ ಜಡ್ಜ್

1881ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ಶಾಸನಸಭೆ ಒಂದು ಕಾಯ್ದೆ ಪಾಸು ಮಾಡಿತು. ನದಿಗಳಲ್ಲಿ, ತೊರೆಗಳಲ್ಲಿ ಮರದ ದಿಮ್ಮಿ ತೇಲಿಬಿಡುವ ಹಕ್ಕು ಎಲ್ಲರಿಗೂ ಇದೆ, ಯಾರಾದರೂ ದುಡ್ಡು ಸುರಿದು ಹೊಳೆಯನ್ನು ಅದಕ್ಕೆ ಹದ ಮಾಡಿದ್ದರೆ ಅವರಿಗೆ ಸುಂಕ ಕೊಟ್ಟು ಬಳಸಿ ಅನ್ನೋದು ಅದರ ಸಾರ. ಒಟ್ಟಾವಾದಲ್ಲಿದ್ದ ಕೇಂದ್ರ ಸರ್ಕಾರ ಅದನ್ನು ರದ್ದು ಮಾಡಿತು. 1882ರಲ್ಲಿ ಶಾಸನಸಭೆ ಅದೇ ಕಾಯ್ದೆಯನ್ನು ಮತ್ತೆ ಪಾಸು ಮಾಡಿತು. ಕೇಂದ್ರ ಮತ್ತೆ ರದ್ದು ಮಾಡಿತು. 1883ರಲ್ಲಿ ಮೂರನೇ ಸಲವೂ ಅದೇ ಕಥೆ. 1884ರಲ್ಲಿ ನಾಲ್ಕನೇ ಸಲ ಪಾಸಾದಾಗ ಮಾತ್ರ ಕೇಂದ್ರ ಬಾಯಿ ಮುಚ್ಚಿಕೊಂಡಿತು.

ನಾಲ್ಕೂ ಸಲ ಆ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಆಲಿವರ್ ಮೋವಟ್. ದಪ್ಪ ಕನ್ನಡಕದ, ಗಿಡ್ಡನೆಯ ಮನುಷ್ಯ. ಭಾಷಣದಲ್ಲಿ ಗುಡುಗುವವರಲ್ಲ, ಬೀದಿ ಹೋರಾಟದವರಂತೂ ಅಲ್ಲವೇ ಅಲ್ಲ. ಪ್ರೀಮಿಯರ್ ಆಗುವ ಮುಂಚೆ ಎಂಟು ವರ್ಷ ನ್ಯಾಯಾಧೀಶರಾಗಿದ್ದವರು. ಅದಕ್ಕೂ ಮುಂಚೆ ರಾಜಕಾರಣಿ.

ಈ ಹಳೇ ಕಥೆ ನಮಗ್ಯಾಕೆ ಅಂತ ಕೇಳಬಹುದು. ನಮ್ಮ ಸಂವಿಧಾನ ಬರೆದವರ ಮುಂದೆ ಕೆನಡಾದ ಮಾದರಿ ಇತ್ತು. ಬಲವಾದ ಕೇಂದ್ರ, ಪಟ್ಟಿಯಲ್ಲಿಲ್ಲದ ಅಧಿಕಾರವೆಲ್ಲ ಕೇಂದ್ರಕ್ಕೆ, ಪ್ರಾಂತ್ಯದ ಮಸೂದೆಯನ್ನು ಮೇಲಿನವರ ಒಪ್ಪಿಗೆಗೆ ಕಾದಿರಿಸುವ ದಾರಿ, ಇವೆಲ್ಲ ಕೆನಡಾದ 1867ರ ಸಂವಿಧಾನದಲ್ಲಿದ್ದವು. 1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟು ಮಾತನಾಡಿದ ಅಂಬೇಡ್ಕರ್, ಒಕ್ಕೂಟವಾಗಿದ್ದೂ ಯೂನಿಯನ್ ಅಂತ ಕರೆಸಿಕೊಳ್ಳುವ ದೇಶಕ್ಕೆ ಕೆನಡಾದ ಉದಾಹರಣೆಯನ್ನೇ ಕೊಟ್ಟಿದ್ದರು. ಇವತ್ತು ರಾಜ್ಯಪಾಲರು ಮಸೂದೆಗಳನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು ಅಂತ ನಾವು ಜಗಳವಾಡುತ್ತಿದ್ದೇವೆ. 2025ರಲ್ಲಿ ಅದು ತಮಿಳುನಾಡಿನ ಕೇಸಾಗಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನಕ್ಕೆ ಬಂತು. ಈ ಜಗಳದ ಅಜ್ಜನ ಕಾಲದ ಅವತಾರ ಮೋವಟ್ ಬದುಕಿನಲ್ಲಿದೆ. ಅದಕ್ಕೇ ನಾನು ಅವರ ಹಿಂದೆ ಬಿದ್ದದ್ದು.

ಗುರು ಮತ್ತು ಶಿಷ್ಯ

ಮೋವಟ್ ಹುಟ್ಟಿದ್ದು 1820ರ ಜುಲೈ 22ರಂದು, ಒಂಟಾರಿಯೋ ಸರೋವರದ ದಂಡೆಯ ಕಿಂಗ್‌ಸ್ಟನ್ ಊರಿನಲ್ಲಿ. ಅಪ್ಪ ಸ್ಕಾಟ್ಲೆಂಡಿನಿಂದ ಸೈನಿಕನಾಗಿ ಬಂದು, ಅಲ್ಲೇ ನಿಂತು ವ್ಯಾಪಾರ ಹಿಡಿದವರು. ಹದಿನಾರರ ಹುಡುಗ ಮೋವಟ್ ವಕೀಲಿ ಕಲಿಯೋಕೆ ಸೇರಿದ್ದು ಅದೇ ಊರಿನ ಒಬ್ಬ ಯುವ ವಕೀಲರ ಕಚೇರಿಗೆ. ಆ ವಕೀಲರಿಗೆ ಇವರಿಗಿಂತ ಐದೇ ವರ್ಷ ಜಾಸ್ತಿ. ಹೆಸರು ಜಾನ್ ಎ. ಮ್ಯಾಕ್‌ಡೊನಾಲ್ಡ್. ಮುಂದೆ ಕೆನಡಾದ ಮೊದಲ ಪ್ರಧಾನಿ. ಅದೇ ಕಚೇರಿಯಲ್ಲಿ ಕಲಿತ ಇನ್ನೊಬ್ಬ ಹುಡುಗ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್ ಮುಂದೆ ಕೇಂದ್ರ ಸಚಿವರಾಗಿ, ಆಮೇಲೆ ಒಂಟಾರಿಯೋದ ಲೆಫ್ಟಿನೆಂಟ್ ಗವರ್ನರ್ ಆದರು. ಒಂದು ಸಣ್ಣ ವಕೀಲರ ಕಚೇರಿಯಿಂದ ಒಬ್ಬ ಪ್ರಧಾನಿ, ಒಬ್ಬ ಪ್ರೀಮಿಯರ್, ಒಬ್ಬ ಗವರ್ನರ್. ಅಧಿಕಾರ ಎಷ್ಟು ಚಿಕ್ಕ ವಲಯದೊಳಗೆ ಸುತ್ತುತ್ತಿತ್ತು ಅನ್ನೋದಕ್ಕೂ ಇದೇ ಸಾಕ್ಷಿ.

ಮೋವಟ್ ಟೊರೊಂಟೋಗೆ ಹೋಗಿ 1841ರಲ್ಲಿ ವಕೀಲರಾದರು. ಚಾನ್ಸರಿ ಕೋರ್ಟಿನ ಕೆಲಸದಲ್ಲಿ ಹೆಸರು ಮಾಡಿದರು. ಆಸ್ತಿ, ಅಡಮಾನ, ಟ್ರಸ್ಟು, ವಾರಸುದಾರಿಕೆ ಇಂಥವುಗಳ ಕೋರ್ಟು ಅದು. 1857ರಲ್ಲಿ ಆಗಿನ ಕೆನಡಾ ಪ್ರಾಂತ್ಯದ ಶಾಸನಸಭೆಗೆ ಗೆದ್ದರು. ಗುರು ಸಂಪ್ರದಾಯವಾದಿಗಳ ನಾಯಕ, ಶಿಷ್ಯ ಎದುರು ಸಾಲಿನ ಸುಧಾರಣಾವಾದಿ. ಈ ಪಕ್ಷದ ನಾಯಕ, ಗ್ಲೋಬ್ ಪತ್ರಿಕೆಯ ಒಡೆಯ ಜಾರ್ಜ್ ಬ್ರೌನ್. ಜನಸಂಖ್ಯೆಗೆ ತಕ್ಕಂತೆ ಸೀಟು ಬೇಕು ಅನ್ನೋದು ಅವರ ಮುಖ್ಯ ಬೇಡಿಕೆ. 1858ರ ಆಗಸ್ಟಿನಲ್ಲಿ ಬ್ರೌನ್ ಸರ್ಕಾರ ಬಂತು, ಮೋವಟ್ ಮಂತ್ರಿಯೂ ಆದರು. ಆದರೆ ಆ ಸರ್ಕಾರ ಕೆಲವೇ ದಿನಕ್ಕೆ ಬಿದ್ದುಹೋಯಿತು.

1861ರಲ್ಲಿ ಸದನದಲ್ಲೇ ಗುರು-ಶಿಷ್ಯರ ನಡುವೆ ಮಾತಿಗೆ ಮಾತು ಬೆಳೆಯಿತು. ಮ್ಯಾಕ್‌ಡೊನಾಲ್ಡ್ ಸಿಟ್ಟು ನೆತ್ತಿಗೇರಿ ಎದ್ದು ಬಂದು, ಕೆನ್ನೆಗೆ ಬಾರಿಸ್ತೀನಿ ಅನ್ನೋ ಮಟ್ಟಕ್ಕೆ ಹೋದರು. ಅದೇ ವರ್ಷದ ಚುನಾವಣೆಯಲ್ಲಿ ಮೋವಟ್ ಕಿಂಗ್‌ಸ್ಟನ್ನಿಗೇ ಹೋಗಿ ಗುರುವಿನ ವಿರುದ್ಧ ನಿಂತರು. ಸೋತರು. ಇನ್ನೊಂದು ಕ್ಷೇತ್ರದಲ್ಲಿ ಗೆದ್ದಿದ್ದರಿಂದ ಸದನದಲ್ಲಿ ಉಳಿದರು.

1864ರಲ್ಲಿ ಎರಡೂ ಪಕ್ಷಗಳು ಕೈಜೋಡಿಸಿ ಸರ್ಕಾರ ಮಾಡಿದವು. ಬ್ರಿಟಿಷರ ಉತ್ತರ ಅಮೆರಿಕದ ವಸಾಹತುಗಳನ್ನು ಒಂದು ಒಕ್ಕೂಟವಾಗಿ ಕಟ್ಟುವುದು ಅದರ ಗುರಿ. ಮೋವಟ್ ಅದರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್. ಅಕ್ಟೋಬರಿನಲ್ಲಿ ಕ್ವಿಬೆಕ್ ನಗರದಲ್ಲಿ ಕೂತು ಹೊಸ ದೇಶದ ನೀಲನಕ್ಷೆ ಬರೆದವರಲ್ಲಿ ಅವರೂ ಒಬ್ಬರು. ಪ್ರಾಂತ್ಯದ ಯಾವುದೇ ಕಾಯ್ದೆಯನ್ನು ಕೇಂದ್ರ ರದ್ದು ಮಾಡಬಹುದು ಅನ್ನೋ ತೀರ್ಮಾನ ಆಗಿದ್ದು ಅಲ್ಲೇ, ಮೋವಟ್ ಇದ್ದ ಸಭೆಯಲ್ಲೇ. ಮುಂದೆ ತಾನು ಜೀವಮಾನ ಪೂರ್ತಿ ಗುದ್ದಾಡಬೇಕಾದ ಗೋಡೆಗೆ ಇಟ್ಟಿಗೆ ಹೊತ್ತವರಲ್ಲಿ ಅವರೂ ಇದ್ದರು. ಇದನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳೋದಿಲ್ಲ.

ಪೀಠಕ್ಕೆ ಹೋಗಿದ್ದು, ಇಳಿದು ಬಂದಿದ್ದು

ಕ್ವಿಬೆಕ್ ಸಭೆ ಮುಗಿದು ತಿಂಗಳೂ ಆಗಿರಲಿಲ್ಲ. 1864ರ ನವೆಂಬರಿನಲ್ಲಿ ಮೋವಟ್ ಚಾನ್ಸರಿ ಕೋರ್ಟಿನ ಉಪ ಚಾನ್ಸಲರ್ ಆಗಿ ನೇಮಕವಾದರು. ಅಂದರೆ ಜಡ್ಜ್. ಮಂತ್ರಿ ಕುರ್ಚಿಯಿಂದ ನೇರ ನ್ಯಾಯಪೀಠಕ್ಕೆ. ಆ ಕಾಲದಲ್ಲಿ ಅದು ಮಾಮೂಲಿ. ಮುಂದಿನ ಎಂಟು ವರ್ಷ ಅವರು ಅಡಮಾನದ, ವಿಲ್ಲಿನ, ಪಾಲುದಾರಿಕೆಯ ಜಗಳಗಳನ್ನು ತೀರ್ಮಾನಿಸುತ್ತಾ ಕೂತರು. 1867ರಲ್ಲಿ ಹೊಸ ಕೆನಡಾ ಹುಟ್ಟಿದಾಗ ಅದರ ಶಿಲ್ಪಿಗಳಲ್ಲಿ ಒಬ್ಬರಾದ ಇವರು ರಾಜಕೀಯದ ಹೊರಗಿದ್ದರು.

1872ರಲ್ಲಿ ಚಿತ್ರ ಬದಲಾಯಿತು. ಒಬ್ಬರೇ ಪ್ರಾಂತ್ಯದ ಸದನದಲ್ಲೂ ಕೇಂದ್ರದ ಸದನದಲ್ಲೂ ಇರೋ ಹಾಗಿಲ್ಲ ಅನ್ನೋ ನಿಯಮ ಬಂತು. ಒಂಟಾರಿಯೋ ಪ್ರೀಮಿಯರ್ ಎಡ್ವರ್ಡ್ ಬ್ಲೇಕ್ ಕೇಂದ್ರವನ್ನು ಆರಿಸಿಕೊಂಡರು. ಪ್ರಾಂತ್ಯಕ್ಕೆ ಯಾರು? ಲಿಬರಲ್ ನಾಯಕರು ಕೋರ್ಟಿನ ಬಾಗಿಲು ತಟ್ಟಿದರು. ಮೋವಟ್ ರಾಜೀನಾಮೆ ಕೊಟ್ಟು, ಅದೇ ಅಕ್ಟೋಬರಿನಲ್ಲಿ ಪ್ರೀಮಿಯರ್ ಆಗಿ ಪ್ರಮಾಣವಚನ ತಗೊಂಡರು. ಮುಂದಿನ ತಿಂಗಳು ಉತ್ತರ ಆಕ್ಸ್‌ಫರ್ಡ್ ಕ್ಷೇತ್ರದಿಂದ ಅವಿರೋಧವಾಗಿ ಆಯ್ಕೆಯಾದರು.

ನ್ಯಾಯಪೀಠದ ಮರ್ಯಾದೆ ಏನಾಯಿತು ಅಂತ ವಿರೋಧಿಗಳು ಆಗಲೇ ಕೂಗಿದರು. ಆ ಕೂಗಿನಲ್ಲಿ ರಾಜಕೀಯ ಇತ್ತು, ನಿಜ. ಆದರೆ ಪ್ರಶ್ನೆ ಸುಳ್ಳಲ್ಲ. ನಿನ್ನೆ ತೀರ್ಪು ಕೊಡುತ್ತಿದ್ದವರು ಇವತ್ತು ಪಕ್ಷದ ನಾಯಕನಾದರೆ, ನಿನ್ನೆಯ ತೀರ್ಪುಗಳನ್ನು ಜನ ಯಾವ ಕಣ್ಣಿನಿಂದ ನೋಡಬೇಕು? ಮೋವಟ್ ಮುಂದೆ ಒಳ್ಳೇ ಕೆಲಸ ಮಾಡಿದರು ಅನ್ನೋದು ಈ ಪ್ರಶ್ನೆಗೆ ಉತ್ತರ ಅಲ್ಲ. ಕೋರ್ಟಿನಿಂದ ಪಕ್ಷಕ್ಕೆ ಒಂದೇ ಹೆಜ್ಜೆ ಸಾಕು ಅಂತ ಅವರು ತೋರಿಸಿದ್ದು ಕೆಟ್ಟ ಮೇಲ್ಪಂಕ್ತಿ ಅಂತಲೇ ನನ್ನ ಅಭಿಪ್ರಾಯ.

ಕೋರ್ಟೇ ಅಖಾಡ

ಅಲ್ಲಿಂದ 1896ರವರೆಗೆ, ಹೆಚ್ಚುಕಡಿಮೆ 24 ವರ್ಷ, ಮೋವಟ್ ಒಂಟಾರಿಯೋ ಆಳಿದರು. ಆರು ಚುನಾವಣೆ ಗೆದ್ದರು. ಅಷ್ಟು ದೀರ್ಘಕಾಲ ಆ ಪ್ರಾಂತ್ಯದ ಪ್ರೀಮಿಯರ್ ಆಗಿದ್ದವರು ಇವತ್ತಿಗೂ ಇನ್ನೊಬ್ಬರಿಲ್ಲ. ಜೊತೆಗೆ ಅಟಾರ್ನಿ ಜನರಲ್ ಹುದ್ದೆಯನ್ನೂ ತಮ್ಮಲ್ಲೇ ಇಟ್ಟುಕೊಂಡರು. ಸರ್ಕಾರದ ಮುಖ್ಯಸ್ಥರೂ ಅವರೇ, ಸರ್ಕಾರದ ವಕೀಲರೂ ಅವರೇ.

ಒಟ್ಟಾವಾದಲ್ಲಿ ಕೂತಿದ್ದ ಮ್ಯಾಕ್‌ಡೊನಾಲ್ಡ್ ಕಣ್ಣಲ್ಲಿ ಪ್ರಾಂತ್ಯಗಳು ಅಂದರೆ ದೊಡ್ಡ ಸೈಜಿನ ಪುರಸಭೆಗಳು. ಮೋವಟ್ ವಾದವೇ ಬೇರೆ: ಸಂವಿಧಾನ ಪ್ರಾಂತ್ಯಕ್ಕೆ ಕೊಟ್ಟ ವಿಷಯದಲ್ಲಿ ಪ್ರಾಂತ್ಯವೇ ಪರಮಾಧಿಕಾರಿ, ಕೇಂದ್ರದ ಕೈಕೆಳಗಿನ ನೌಕರ ಅಲ್ಲ. ಇದನ್ನು ಅವರು ಭಾಷಣದಲ್ಲಿ ಹೇಳಿ ಬಿಡಲಿಲ್ಲ. ಕೇಸಿನಿಂದ ಕೇಸಿಗೆ ಹೊತ್ತುಕೊಂಡು ಹೋದರು. ಆಗ ಕೆನಡಾದ ಕೊನೆಯ ಕೋರ್ಟು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ನ್ಯಾಯ ಸಮಿತಿ. ನಮ್ಮವರ ಕೇಸುಗಳೂ ಬ್ರಿಟಿಷರ ಕಾಲದಲ್ಲಿ ಅಲ್ಲಿಗೇ ಹೋಗುತ್ತಿದ್ದವಲ್ಲ, ಅದೇ.

ದಿಮ್ಮಿಯ ಕೇಸನ್ನೇ ನೋಡಿ. ಒಂಟಾರಿಯೋದಲ್ಲೂ ಮಿಸಿಸಿಪ್ಪಿ ಹೆಸರಿನ ಒಂದು ನದಿ ಇದೆ. ಅಲ್ಲಿ ಪೀಟರ್ ಮೆಕ್ಲಾರೆನ್ ಅನ್ನೋ ಮರದ ವ್ಯಾಪಾರಿ ದಿಮ್ಮಿ ತೇಲಿಸಲು ನದಿಯನ್ನು ಹದ ಮಾಡಿಸಿದ್ದ. ಅವನು ಮ್ಯಾಕ್‌ಡೊನಾಲ್ಡ್ ಪಕ್ಷದವನು. ಮೇಲ್ಗಡೆ ಮರ ಕಡಿಯುತ್ತಿದ್ದ ಕಾಲ್ಡ್‌ವೆಲ್ ಲಿಬರಲ್. ನನ್ನ ನದಿಯಲ್ಲಿ ನಿನ್ನ ದಿಮ್ಮಿ ಬೇಡ ಅಂತ ಮೆಕ್ಲಾರೆನ್ ಕೋರ್ಟಿಗೆ ಹೋದ. ಮೋವಟ್ ತಂದ ಕಾಯ್ದೆ ಕಾಲ್ಡ್‌ವೆಲ್‌ಗೆ ಅನುಕೂಲ, ಕೇಂದ್ರದ ರದ್ದತಿ ಮೆಕ್ಲಾರೆನ್‌ಗೆ ಅನುಕೂಲ. ಎರಡೂ ಕಡೆ ಪಕ್ಷದ ಹಿತ ಇತ್ತು ಅನ್ನೋದನ್ನು ಮುಚ್ಚಿಡಬೇಕಿಲ್ಲ. ಆದರೂ ಅದರೊಳಗೆ ಒಂದು ದೊಡ್ಡ ಪ್ರಶ್ನೆ ಇತ್ತು: ತನ್ನ ನದಿಯ ಬಗ್ಗೆ ಕಾನೂನು ಮಾಡೋದು ಪ್ರಾಂತ್ಯದ ಜನರು ಆರಿಸಿದ ಸಭೆಯಾ, ಅಥವಾ ಒಟ್ಟಾವಾದ ಮಂತ್ರಿಯಾ? 1884ರಲ್ಲಿ ಪ್ರಿವಿ ಕೌನ್ಸಿಲ್, ಕೆನಡಾದ ಸುಪ್ರೀಂ ಕೋರ್ಟಿನ ತೀರ್ಪನ್ನು ತಿರುಗಿಸಿ, ಕಾಲ್ಡ್‌ವೆಲ್ ಪರ ನಿಂತಿತು. ನಾಲ್ಕನೇ ಸಲದ ಕಾಯ್ದೆ ಉಳಿದುಕೊಂಡಿತು.

ಇನ್ನೊಂದು ಕೇಸು ಇನ್ನೂ ಚಿಕ್ಕದು. ಟೊರೊಂಟೋದಲ್ಲಿ ಹಾಜ್ ಅನ್ನೋ ಮದ್ಯದಂಗಡಿ ಮಾಲೀಕ ನಿಷೇಧಿತ ಹೊತ್ತಿನಲ್ಲಿ ಬಿಲಿಯರ್ಡ್ಸ್ ಆಡಲು ಬಿಟ್ಟ ಅಂತ ದಂಡ ಬಿತ್ತು. ಇಂಥ ನಿಯಮ ಮಾಡೋಕೆ ಪ್ರಾಂತ್ಯಕ್ಕೆ ಅಧಿಕಾರ ಎಲ್ಲಿದೆ ಅಂತ ಅವನ ತಕರಾರು. 1883ರಲ್ಲಿ ಲಂಡನ್ನಿನಿಂದ ಬಂದ ತೀರ್ಪಿನ ಸಾರ ಇಷ್ಟು: ಪ್ರಾಂತ್ಯದ ಶಾಸನಸಭೆ ಯಾರ ಏಜೆಂಟೂ ಅಲ್ಲ, ತನಗೆ ಕೊಟ್ಟ ಮಿತಿಯೊಳಗೆ ಅದರ ಅಧಿಕಾರ ಬ್ರಿಟಿಷ್ ಪಾರ್ಲಿಮೆಂಟಿನಷ್ಟೇ ಪೂರ್ಣ. ಒಂದು ಬಿಲಿಯರ್ಡ್ಸ್ ಟೇಬಲ್ಲಿನ ದಂಡದಿಂದ ಇಷ್ಟು ದೊಡ್ಡ ತತ್ವ ಬಂತು. ಅದೇ 1883ರಲ್ಲಿ ಮ್ಯಾಕ್‌ಡೊನಾಲ್ಡ್ ಮದ್ಯದ ಲೈಸೆನ್ಸನ್ನು ಕೇಂದ್ರಕ್ಕೆ ಕಿತ್ತುಕೊಳ್ಳುವ ಕಾಯ್ದೆ ತಂದಿದ್ದರು. 1885ರಲ್ಲಿ ಅದು ಕೋರ್ಟಿನಲ್ಲಿ ಬಿದ್ದುಹೋಯಿತು.

ಗಡಿ ಜಗಳ ಮಾತ್ರ ಚಿಕ್ಕದಾಗಿರಲಿಲ್ಲ. ಒಂಟಾರಿಯೋದ ವಾಯವ್ಯಕ್ಕಿದ್ದ ದೊಡ್ಡ ಕಾಡು ಪ್ರದೇಶ ಯಾರದ್ದು ಅನ್ನೋದಕ್ಕೆ 1878ರಲ್ಲಿ ಪಂಚಾಯ್ತಿ ನಡೆದು ಒಂಟಾರಿಯೋ ಪರ ತೀರ್ಮಾನ ಬಂತು. ಅಷ್ಟರಲ್ಲಿ ಅಧಿಕಾರಕ್ಕೆ ಮರಳಿದ ಮ್ಯಾಕ್‌ಡೊನಾಲ್ಡ್ ಅದನ್ನು ಒಪ್ಪಲಿಲ್ಲ. ಬದಲಿಗೆ 1881ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಗಡಿಯನ್ನು ಹಿಗ್ಗಿಸಿ ಇಬ್ಬರಿಗೂ ಜಗಳ ಹಚ್ಚಿದರು. ರ‍್ಯಾಟ್ ಪೋರ್ಟೇಜ್ ಅನ್ನೋ ಊರಿನಲ್ಲಿ, ಈಗಿನ ಕೆನೋರಾ, 1883ರಲ್ಲಿ ಎರಡೆರಡು ಸರ್ಕಾರ. ಎರಡು ಪ್ರಾಂತ್ಯಗಳ ಪೊಲೀಸರು ಒಬ್ಬರನ್ನೊಬ್ಬರು ಬಂಧಿಸುವ ನಾಟಕವೂ ನಡೆಯಿತು. 1884ರಲ್ಲಿ ಮೋವಟ್ ತಾವೇ ಲಂಡನ್ನಿಗೆ ಹೋಗಿ ವಾದಿಸಿ ಗೆದ್ದರು. ವಾಪಸ್ ಬಂದಾಗ ಟೊರೊಂಟೋದಲ್ಲಿ ದೊಡ್ಡ ಮೆರವಣಿಗೆ. ಆ ಗಡಿಗೆ ಬ್ರಿಟಿಷ್ ಪಾರ್ಲಿಮೆಂಟಿನ ಮುದ್ರೆ ಬಿದ್ದದ್ದು 1889ರಲ್ಲಿ.

1887ರಲ್ಲಿ ಕ್ವಿಬೆಕ್ ಪ್ರೀಮಿಯರ್ ಒನೊರೆ ಮೆರ್ಸಿಯೆ ಪ್ರಾಂತ್ಯಗಳ ಸಮ್ಮೇಳನ ಕರೆದರು. ಐದು ಪ್ರಾಂತ್ಯಗಳು ಬಂದವು, ಅಧ್ಯಕ್ಷತೆ ಮೋವಟ್‌ರದ್ದು. ಫ್ರೆಂಚ್ ಮಾತಾಡುವ ಕ್ಯಾಥೊಲಿಕ್ ಕ್ವಿಬೆಕ್, ಇಂಗ್ಲಿಷ್ ಮಾತಾಡುವ ಪ್ರಾಟೆಸ್ಟೆಂಟ್ ಒಂಟಾರಿಯೋ ಒಂದೇ ಮೇಜಿಗೆ ಕೂತು, ಪ್ರಾಂತ್ಯಗಳ ಕಾಯ್ದೆ ರದ್ದು ಮಾಡುವ ಅಧಿಕಾರ ಕೇಂದ್ರದಿಂದ ಹೋಗಬೇಕು ಅಂತ ಠರಾವು ಮಾಡಿದವು. ಮ್ಯಾಕ್‌ಡೊನಾಲ್ಡ್ ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ರಾಜ್ಯಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕೇಂದ್ರದ ಮುಂದೆ ನಿಲ್ಲಬಹುದು ಅನ್ನೋದು ಆ ದೇಶಕ್ಕೆ ಗೊತ್ತಾಗಿದ್ದು ಆವಾಗಲೇ.

ಒಳಗಿನ ಆಡಳಿತ

ಹೊರಗೆ ಹಕ್ಕಿನ ಮಾತಾಡುವವರು ಒಳಗೆ ಹೇಗಿದ್ದರು ಅಂತಲೂ ನೋಡಬೇಕಲ್ಲ. 1874ರಲ್ಲಿ ಒಂಟಾರಿಯೋಗೆ ಗುಪ್ತ ಮತದಾನ ಬಂತು. ಅದಕ್ಕೆ ಮುಂಚೆ ಯಾರಿಗೆ ಓಟು ಅಂತ ಎಲ್ಲರೆದುರು ಹೇಳಬೇಕಿತ್ತು, ಧಣಿಯ ಎದುರೂ ಕೂಡ. 1881ರ ಕಾಯ್ದೆ, ಬೇರೆಬೇರೆಯಾಗಿದ್ದ ಸಾಮಾನ್ಯ ಕಾನೂನಿನ ಕೋರ್ಟು ಮತ್ತು ಚಾನ್ಸರಿ ಕೋರ್ಟನ್ನು ಒಂದೇ ವ್ಯವಸ್ಥೆಗೆ ತಂದಿತು. ಒಂದೇ ಜಗಳಕ್ಕೆ ಎರಡು ಬಾಗಿಲು ಸುತ್ತೋ ಕಷ್ಟ ಏನು ಅಂತ ಒಳಗೆ ಕೂತು ನೋಡಿದ್ದ ಜಡ್ಜ್ ಅವರು. 1884ರಲ್ಲಿ ಕಾರ್ಖಾನೆ ಕಾಯ್ದೆ. 1888ರಲ್ಲಿ ಆಸ್ತಿಯ ಷರತ್ತಿಲ್ಲದೆ ವಯಸ್ಕ ಗಂಡಸರಿಗೆ ಓಟು. ಹೆಂಗಸರಿಗೆ ಪ್ರಾಂತ್ಯದ ಚುನಾವಣೆಯಲ್ಲಿ ಓಟಿಲ್ಲ. 1884ರಲ್ಲಿ ಆಸ್ತಿ ಇರುವ ವಿಧವೆಯರು ಮತ್ತು ಅವಿವಾಹಿತೆಯರಿಗೆ ಸ್ಥಳೀಯ ಸಂಸ್ಥೆಗಳಲ್ಲಿ ಮಾತ್ರ ಓಟು ಸಿಕ್ಕಿತು.

ಕ್ಲಾರಾ ಬ್ರೆಟ್ ಮಾರ್ಟಿನ್ ಅನ್ನೋ ಯುವತಿ ವಕೀಲೆಯಾಗಬೇಕು ಅಂದಾಗ ವಕೀಲರ ಸಂಘ ಬಾಗಿಲು ಹಾಕಿತು. ಮೋವಟ್ ಅವರ ಪರ ನಿಂತರು. 1892ರಲ್ಲಿ ದಾರಿ ತೆರೆಯುವ ಕಾಯ್ದೆ ಬಂತು. ಆಮೇಲೂ ತಕರಾರು ನಿಲ್ಲಲಿಲ್ಲ. 1897ರಲ್ಲಿ ಕ್ಲಾರಾ ಇಡೀ ಬ್ರಿಟಿಷ್ ಸಾಮ್ರಾಜ್ಯದ ಮೊದಲ ಮಹಿಳಾ ವಕೀಲೆಯಾದರು.

ಇನ್ನೊಂದು ಮುಖವೂ ಇದೆ. 1876ರಲ್ಲಿ ಮದ್ಯದ ಲೈಸೆನ್ಸ್ ಕೊಡುವ ಅಧಿಕಾರ ಊರ ಕೌನ್ಸಿಲ್‌ಗಳಿಂದ ಪ್ರಾಂತ್ಯ ಸರ್ಕಾರ ನೇಮಿಸುವ ಕಮಿಷನರ್‌ಗಳ ಕೈಗೆ ಹೋಯಿತು. ಅಲ್ಲಿ ಕೂತವರು ಹೆಚ್ಚಾಗಿ ಪಕ್ಷದ ಜನ. ಲೈಸೆನ್ಸ್ ಬೇಕಿದ್ದ ಮದ್ಯದಂಗಡಿಯವನು ಯಾರ ಪರ ಓಡಾಡುತ್ತಾನೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೇಂದ್ರದಿಂದ ಅಧಿಕಾರ ಕೇಳುವ ನಾಯಕರು ತಮ್ಮ ಕೆಳಗಿನ ಊರುಗಳಿಗೆ ಅಧಿಕಾರ ಕೊಡ್ತಾರೆ ಅಂತೇನಿಲ್ಲ. ಈ ರೋಗ ಮೋವಟ್‌ಗೂ ಇತ್ತು.

ಕೋರ್ಟಿನಲ್ಲಿ ಇಲ್ಲದವರು

ಇಲ್ಲಿಯವರೆಗೆ ನನಗೆ ಮೋವಟ್ ಮೇಲೆ ಮೆಚ್ಚುಗೆಯೇ ಹೆಚ್ಚು. ಅದು ಮುರಿದದ್ದು 1888ರ ಸೇಂಟ್ ಕ್ಯಾಥರೀನ್ಸ್ ಮಿಲ್ಲಿಂಗ್ ಕೇಸು ಓದಿದಾಗ.

ಗಡಿ ಗೆದ್ದರೂ ಆ ಕಾಡಿನ ಮರ, ಭೂಮಿ, ಅದಿರು ಯಾರದ್ದು ಅನ್ನೋ ಪ್ರಶ್ನೆ ಉಳಿದಿತ್ತು. ಅಲ್ಲಿ ತಲೆತಲಾಂತರದಿಂದ ಇದ್ದವರು ಆನಿಶಿನಾಬೆ ಜನ, ಹಳೆಯ ದಾಖಲೆಗಳಲ್ಲಿ ಒಜಿಬ್ವೆ. 1873ರಲ್ಲಿ ಅವರ ಜೊತೆ ಕೇಂದ್ರ ಸರ್ಕಾರ ಮೂರನೇ ಒಪ್ಪಂದ ಮಾಡಿಕೊಂಡಿತ್ತು. ಭೂಮಿ ಆ ಜನರದ್ದಾಗಿತ್ತು, ಅವರು ನಮಗೆ ಕೊಟ್ಟರು, ಹಾಗಾಗಿ ಅದು ನಮ್ಮದು ಅಂತ ಕೇಂದ್ರದ ವಾದ. ಅದರ ಮೇಲೆ ಮರ ಕಡಿಯೋಕೆ ಒಂದು ಕಂಪನಿಗೆ ಲೈಸೆನ್ಸೂ ಕೊಟ್ಟಿತು. ಒಂಟಾರಿಯೋ ಆ ಕಂಪನಿಯ ಮೇಲೆ ಕೇಸು ಹಾಕಿತು. ಗೆಲ್ಲಬೇಕಾದರೆ ಒಂಟಾರಿಯೋ ಹೇಳಲೇಬೇಕಿದ್ದ ಮಾತು ಒಂದೇ: ಆ ಜನಕ್ಕೆ ಭೂಮಿಯ ಒಡೆತನ ಎಂದೂ ಇರಲಿಲ್ಲ.

ಆ ವಾದವನ್ನು ಲಂಡನ್ನಿನಲ್ಲಿ ಮಂಡಿಸಿದವರು ಮೋವಟ್ ಮತ್ತು ಬ್ಲೇಕ್. ಗೆದ್ದರು. ಮೂಲನಿವಾಸಿಗಳಿಗೆ ಇದ್ದದ್ದು ಬಳಕೆಯ ಹಕ್ಕು ಮಾತ್ರ, ಅದೂ ದೊರೆಯ ಮರ್ಜಿಯ ಮೇಲೆ ನಿಂತದ್ದು ಅಂತ ತೀರ್ಪಾಯಿತು. ಮರದ ದುಡ್ಡು, ಭೂಮಿ, ಅದಿರು ಒಂಟಾರಿಯೋ ಪಾಲಿಗೆ. ಆನಿಶಿನಾಬೆ ಜನ ಆ ಕೇಸಿನಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ, ಸಾಕ್ಷಿಗಳೂ ಅಲ್ಲ. ಅವರ ಮನೆಯ ಬಗ್ಗೆ, ಅವರನ್ನು ಕೇಳದೆ, ಎರಡು ಸರ್ಕಾರಗಳು ಸಮುದ್ರದಾಚೆ ಕೂತು ಪಾಲು ಮಾಡಿಕೊಂಡವು. ಈ ತೀರ್ಪಿನ ನೆರಳು ಸರಿಯಲು ಶುರುವಾಗಿದ್ದು 1973ರ ಕಾಲ್ಡರ್ ತೀರ್ಪಿನಲ್ಲಿ, ಅಂದರೆ 85 ವರ್ಷ ಕಳೆದ ಮೇಲೆ.

ಎಂಟು ವರ್ಷ ಚಾನ್ಸರಿ ಕೋರ್ಟಿನಲ್ಲಿ ಕೂತವರು ಮೋವಟ್. ಕಾಗದದ ಅಕ್ಷರಕ್ಕಿಂತ ನ್ಯಾಯದ ಹದ ಮುಖ್ಯ ಅನ್ನೋದು ಆ ಕೋರ್ಟಿನ ಹುಟ್ಟಿಗೇ ಕಾರಣ. ಎದುರುಪಕ್ಷವನ್ನು ಕೇಳದೆ ತೀರ್ಪು ಕೊಡಬಾರದು ಅಂತ ಯಾವ ಜಡ್ಜಿಗೂ ಹೇಳಿಕೊಡಬೇಕಿಲ್ಲ. ಆದರೆ ಅವರು ಅಲ್ಲಿ ನಿಂತದ್ದು ಜಡ್ಜ್ ಆಗಿ ಅಲ್ಲ, ಕಕ್ಷಿದಾರರಾಗಿ.

ಕೊನೆಗೆ ಗವರ್ನರ್

1891ರಲ್ಲಿ ಮ್ಯಾಕ್‌ಡೊನಾಲ್ಡ್ ತೀರಿಕೊಂಡರು. ಮರುವರ್ಷ ಪ್ರಿವಿ ಕೌನ್ಸಿಲ್ ನ್ಯೂ ಬ್ರನ್ಸ್‌ವಿಕ್‌ನ ಒಂದು ಬ್ಯಾಂಕಿನ ಕೇಸಿನಲ್ಲಿ, ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ನೇರವಾಗಿ ರಾಣಿಯ ಪ್ರತಿನಿಧಿ, ಒಟ್ಟಾವಾದ ಕೈಗೊಂಬೆ ಅಲ್ಲ ಅಂತ ಹೇಳಿತು. ಮೋವಟ್ ವರ್ಷಗಳಿಂದ ಹೇಳಿಕೊಂಡು ಬಂದದ್ದೂ ಅದನ್ನೇ. 1896ರಲ್ಲಿ ಅವರು ಲೋರಿಯೇ ಸಂಪುಟದಲ್ಲಿ ಕೇಂದ್ರದ ನ್ಯಾಯ ಮಂತ್ರಿಯಾದರು. ಪ್ರಾಂತ್ಯಗಳ ಕಾಯ್ದೆಗಳನ್ನು ತೂಗಿ ನೋಡಿ ರದ್ದತಿಗೆ ಶಿಫಾರಸು ಮಾಡೋದು ಅದೇ ಇಲಾಖೆಯ ಕೆಲಸ! 1897ರಲ್ಲಿ ಒಂಟಾರಿಯೋದ ಲೆಫ್ಟಿನೆಂಟ್ ಗವರ್ನರ್ ಆದರು. ಆ ಹುದ್ದೆಯಲ್ಲಿ ಇದ್ದಾಗಲೇ, 1903ರ ಏಪ್ರಿಲ್ 19ರಂದು ತೀರಿಕೊಂಡರು.

ಕೇಂದ್ರ ರದ್ದು ಮಾಡಿದ ಪ್ರಾಂತ್ಯಗಳ ಕಾಯ್ದೆಗಳು ಒಟ್ಟು 112. ಕೊನೆಯದು 1943ರಲ್ಲಿ, ಆಲ್ಬರ್ಟಾದ್ದು. ಆ ಅಧಿಕಾರ ಕೆನಡಾದ ಸಂವಿಧಾನದ ಪುಟದಲ್ಲಿ ಇವತ್ತಿಗೂ ಇದೆ. ಯಾರೂ ಅಳಿಸಿಲ್ಲ, ಆದರೆ ಯಾರೂ ಬಳಸುವ ಧೈರ್ಯವನ್ನೂ ಮಾಡುತ್ತಿಲ್ಲ. ಒಂದು ಅಧಿಕಾರ ಹಾಗೆ ಸಾಯಬೇಕಾದರೆ ಅದನ್ನು ಪ್ರತಿ ಸಲ ಬಳಸಿದಾಗಲೂ ಬಳಸಿದವರಿಗೆ ರಾಜಕೀಯ ಬೆಲೆ ಬೀಳಬೇಕು. ಮೋವಟ್ ಆ ಬೆಲೆಯನ್ನು ಏರಿಸುತ್ತಾ ಹೋದರು: ಅದೇ ಕಾಯ್ದೆ ಮತ್ತೆ ಪಾಸು ಮಾಡಿ, ಕೋರ್ಟಿಗೆ ಹೋಗಿ, ಬೇರೆ ಪ್ರಾಂತ್ಯಗಳನ್ನು ಜೊತೆಗೆ ಕರೆದುಕೊಂಡು, ಚುನಾವಣೆಯಲ್ಲಿ ಜನರ ಮುಂದೆ ಅದನ್ನೇ ಇಟ್ಟು.

ರಾಜ್ಯದ ಹಕ್ಕಿಗಾಗಿ ದನಿ ಎತ್ತುವ ನನ್ನಂಥವರಿಗೆ ಇದು ಕಲಿಯಬೇಕಾದ ಪಾಠ, ಅನುಮಾನ ಇಲ್ಲ. ಆದರೆ ಆ ದನಿ ಎತ್ತುವಾಗೆಲ್ಲ ಮೂರನೇ ಒಪ್ಪಂದದ ಆ ಕಾಡೂ ನನಗೆ ನೆನಪಾಗುತ್ತದೆ. ಕೇಂದ್ರದಿಂದ ರಾಜ್ಯಕ್ಕೆ ಬಂದ ಅಧಿಕಾರ ರಾಜಧಾನಿಯಲ್ಲೇ ನಿಂತುಬಿಟ್ಟರೆ, ಕಾಡಂಚಿನ ಮನುಷ್ಯನಿಗೆ ಯಾವ ಸರ್ಕಾರ ಗೆದ್ದರೂ ಒಂದೇ.